ಪದರಯ್ಯನ ಹೊಸ ವಿಧಾನ

ಭಗವಂತ ಭೂಮಿಯನ್ನು ಮಾಡಿ ಮುಗಿಸಿ ಕೈ ತೊಳೆದುಕೊಂಡಾಗ, ಅದರ ಮೇಲೊಂದು ಪದರ ಡಾಂಬರು ಹಾಕಬೇಕೆಂಬುದು ಅವನಿಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಅದನ್ನೂ ಅವನೇ ಮಾಡುತ್ತಿದ್ದ, ಅಚ್ಚುಕಟ್ಟಾಗಿಯೇ ಮಾಡುತ್ತಿದ್ದ. ಹಾಗಾಗಲಿಲ್ಲವಾದ್ದರಿಂದ ಆ ಕೆಲಸ ರಸ್ತೆ ಇಲಾಖೆಗೆ ಬಂತು. ಇಲಾಖೆಯಲ್ಲಿ ಒಬ್ಬರಿಂದೊಬ್ಬರಿಗೆ ಜಾರಿ ಜಾರಿ ಕೊನೆಗೆ ನಮ್ಮ ಪದರಯ್ಯನ ಮೇಜಿನ ಮೇಲೆ ಬಂದು ಕೂತಿತು.

ಪದರಯ್ಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಯಾವ ರಸ್ತೆ ಕೆಟ್ಟಿತೆಂದು ಯಾರು ಬಂದು ಗೋಳಾಡಿದರೂ ಅವನು ಕನ್ನಡಕ ಮೇಲೇರಿಸಿ, "ಇನ್ನೊಂದು ಪದರ ಹಾಕಿಸೋಣ" ಎನ್ನುತ್ತಿದ್ದ. ಬಿರುಕು ಬಿಟ್ಟರೂ ಅದೇ ಮದ್ದು, ಗುಂಡಿ ಬಿದ್ದರೂ ಅದೇ ಮದ್ದು. ಅವನ ಮೇಜಿನ ಗಾಜಿನ ಕೆಳಗೆ ಒಂದು ಹಳೆಯ ನಕ್ಷೆ ಇತ್ತು. ಕೆಳಗೆ ಮಣ್ಣಿನ ಗಟ್ಟಿತನ, ಪಕ್ಕಕ್ಕೆ ರಸ್ತೆಯ ದಪ್ಪ, ನಡುವೆ ಬಳುಕುವ ಗೆರೆಗಳು. ಹೆಬ್ಬೆರಳಿನ ಉಗುರನ್ನು ಗೆರೆಯ ಮೇಲೆ ಜಾರಿಸಿದರೆ ರಸ್ತೆಗೆ ಎಷ್ಟು ದಪ್ಪ ಬೇಕೆಂದು ತಿಳಿಯುತ್ತಿತ್ತು. ಉಗುರು ಜಾರಿ ಜಾರಿ ಗಾಜಿನ ಮೇಲೆ ಗೀರು ಬಿದ್ದು, ಈಚೆಗೆ ನಕ್ಷೆ ನೋಡುವ ಕಷ್ಟವೂ ಉಳಿದಿರಲಿಲ್ಲ. ಉಗುರು ತಾನಾಗಿ ಹೋಗಿ ಅದೇ ಗೀರಿನಲ್ಲಿ ನಿಲ್ಲುತ್ತಿತ್ತು. ಊರಿನ ಎಲ್ಲ ರಸ್ತೆಗಳಿಗೂ ಒಂದೇ ದಪ್ಪ ಬರುತ್ತಿತ್ತು. ಇದನ್ನು ಪದರಯ್ಯ ಅನುಭವ ಎನ್ನುತ್ತಿದ್ದ.

ಈ ಅನುಭವದ ಫಲವನ್ನು ಎಲ್ಲರಿಗಿಂತ ಹೆಚ್ಚಾಗಿ ಉಂಡವರು ಅವನ ಅತ್ತೆ.

ಪದರಯ್ಯ ಮನೆಯಳಿಯ. ಮಾವನವರು ಬಹಳ ಹೆಮ್ಮೆಯಿಂದ, ಎತ್ತರದ ಅಡಿಪಾಯ ಹಾಕಿಸಿ, ಬೀದಿಯಿಂದ ಮೆಟ್ಟಿಲು ಹತ್ತಿ ಬರುವ ಹಾಗೆ ಆ ಮನೆ ಕಟ್ಟಿಸಿದ್ದರು. ಅಳಿಯ ಇಂಜಿನಿಯರ್ ಆದ ಮೇಲೆ ಬೀದಿಯ ರಸ್ತೆಗೆ ಪದರದ ಮೇಲೆ ಪದರ ಬಿತ್ತು. ಪ್ರತಿ ಸಲವೂ ರಸ್ತೆ ಒಂದು ಮೆಟ್ಟಿಲನ್ನು ನುಂಗಿತು. ಮೆಟ್ಟಿಲೆಲ್ಲ ಮುಗಿದ ಮೇಲೆ ಹೊಸ್ತಿಲಿಗೆ ಬಂತು. ಅದನ್ನೂ ದಾಟಿದ ಮೇಲೆ ಮನೆಯ ಒಳಗಡೆಗೆ ಮೆಟ್ಟಿಲು ಕಟ್ಟಿಸಬೇಕಾಯಿತು, ಈಗ ಇಳಿಯುವುದಕ್ಕೆ. ಹತ್ತಿ ಹೋಗುವ ಮನೆ ಹೀಗೆ ಇಳಿದು ಹೋಗುವ ಮನೆಯಾಯಿತು. ಮಳೆ ಬಂದರೆ ನೀರು ಅತಿಥಿಯ ಹಾಗೆ ಚಪ್ಪಲಿ ಬಿಡುವಲ್ಲಿ ಒಂದು ಕ್ಷಣ ನಿಂತು, ಆಮೇಲೆ ಸಂಕೋಚ ಬಿಟ್ಟು ಒಳಗೇ ಬರುತ್ತಿತ್ತು.

ಅತ್ತೆಯವರಿಗೆ ಕಾಲು ಸೋತು ಬಹಳ ಕಾಲವಾಗಿತ್ತು. ಆ ಮೆಟ್ಟಿಲು ಹತ್ತಿ ಹೊರಗೆ ಹೋಗುವುದು ಆಗದ ಮಾತು. ಬೀದಿಯ ಕಡೆಯ ಕಿಟಕಿಯ ಬಳಿ ಅವರ ಕುರ್ಚಿ, ಕೈಯಲ್ಲಿ ಜಪಮಾಲೆ. ಬಾಯಲ್ಲಿ ದೇವರು, ಕಣ್ಣಲ್ಲಿ ಬೀದಿ. ಅವರಿಗೆ ಉಳಿದಿದ್ದ ಲೋಕವೆಂದರೆ ಆ ಕಿಟಕಿಯೊಂದೇ.

ಒಂದು ದಿನ ಪದರಯ್ಯನ ಷಡ್ಡಕ ಊಟಕ್ಕೆ ಬಂದಿದ್ದ. ಹೆಂಡತಿಯ ಅಕ್ಕನ ಗಂಡ, ನೀರು ಸರಬರಾಜಿನವನು. ಯಾವ ರಸ್ತೆಯನ್ನಾದರೂ ಹಾಕಿದ ಮರುದಿನವೇ ಅಗೆಯುವ ಹಕ್ಕು ತನಗಿದೆ ಎಂಬ ಠೀವಿ ಅವನದು. ಅವನ ಮುಂದೆಯೇ ಅತ್ತೆಯವರು ಶುರು ಮಾಡಿದರು.

"ನಿಮ್ಮ ಮಾವನವರು ಇದ್ದಾಗ ಈ ಕಿಟಕೀಲಿ ಕೂತ್ರೆ ಬೀದೀಲಿ ಹೋಗೋರ ನೆತ್ತಿ ಕಾಣ್ತಿತ್ತು. ಯಾರ ತಲೆ ಬೋಳಾಗ್ತಿದೆ ಅಂತ ಅವರ ಹೆಂಡ್ತೀರಿಗಿಂತ ಮೊದಲು ನನಗೆ ಗೊತ್ತಾಗ್ತಿತ್ತು. ಈ ಅಳಿಯಂದ್ರು ಇಂಜಿನಿಯರ್ ಆದ್ರು, ಮುಖ ಕಂಡಿತು. ಸರಿ, ಮುಖ ನೋಡಿ ಮಾತಾಡಿಸಬಹುದು ಅಂದ್ಕೊಂಡೆ. ಇನ್ನೊಂದು ಪದರ ಹಾಕಿಸಿದ್ರು, ಹೊಟ್ಟೆ ಕಂಡಿತು. ಈಗ ಬರೀ ಚಪ್ಪಲಿ. ಚಪ್ಪಲಿಗೆ ಏನಪ್ಪಾ ಅಂತ ಕೇಳಲಿ ನಾನು? ಊಟ ಆಯ್ತಾ ಅಂತ ಕೇಳಲಾ?"

ಷಡ್ಡಕ ಗಂಭೀರವಾಗಿ, "ಇನ್ನೊಂದು ಪದರ ಬಿದ್ರೆ ಅದೂ ಕಾಣಲ್ಲ ಅತ್ತೆ. ಆಗ ನಿಮ್ಮ ಜಪಕ್ಕೆ ಅಡ್ಡಿಯೇ ಇರಲ್ಲ" ಎಂದು ಇನ್ನಷ್ಟು ಬಡಿಸಿಕೊಂಡ.

ಪದರಯ್ಯನಿಗೆ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗಲಿಲ್ಲ. ಹೋಗಿದ್ದರೆ ಚೆನ್ನಾಗಿತ್ತು. ಬಾಯಿ ಖಾಲಿ ಇದ್ದದ್ದರಿಂದ ಮಾತು ಹೊರಟಿತು.

"ಅತ್ತೆ, ಈ ಸಲ ರಸ್ತೆ ಏರಲ್ಲ. ಇಳಿಯುತ್ತೆ."

"ಅದು ಹೇಗೆ?"

"ಹೊಸ ವಿಧಾನ ಬಂದಿದೆ. ಹಳೇ ನಕ್ಷೆ, ಉಗುರು ಎಲ್ಲ ಮುಗೀತು. ಡಾಂಬರಿನ ಮೇಲೆ ಚಕ್ರ ಹೋದಾಗ ಅದರ ಹೊಟ್ಟೆ ಕೆಳಗಡೆ ಎಷ್ಟು ಹಿಗ್ಗುತ್ತೆ, ಅದರಡಿ ಮಣ್ಣು ಎಷ್ಟು ಕುಗ್ಗುತ್ತೆ, ಹೀಗೆ ಎಷ್ಟು ಸಲ ಆದ್ರೆ ಬಿರುಕು ಬಿಡುತ್ತೆ, ಎಲ್ಲ ಲೆಕ್ಕ ಹಾಕ್ತೀವಿ. ಕೆಳಗಡೆ ಗಟ್ಟಿ ಇದ್ರೆ ಮೇಲಿನ ಹಳೇ ಪದರ ಕೆರೆದು ತೆಗೆದು, ತೆಳ್ಳಗೆ ಹಾಕಿದ್ರೆ ಸಾಕು. ನಿಮ್ಮ ಕಿಟಕೀಲಿ ಮತ್ತೆ ಮುಖ ಕಾಣುತ್ತೆ." ಇಲ್ಲಿಗೆ ನಿಲ್ಲಿಸಬಹುದಿತ್ತು. ಷಡ್ಡಕ ನಗುತ್ತಿದ್ದ. "ಈ ವಿಧಾನ ಬಲ್ಲೋನು ಇಡೀ ಆಫೀಸಿನಲ್ಲಿ ನಾನೊಬ್ಬನೇ."

ಮೊದಲಿನದೆಲ್ಲ ನಿಜ, ಕೊನೆಯ ಮಾತು ಸುಳ್ಳು. ಹೊಸ ವಿಧಾನದ ತರಬೇತಿಗೆ ಅವನು ಹೋಗಿದ್ದ. ಕಂಬದ ಹಿಂದೆ ಕೂತು, ಮೊದಲ ಅರ್ಧ ಗಂಟೆ ಕೇಳಿ, ಉಳಿದಷ್ಟು ಹೊತ್ತು ದೇವರ ಕೃಪೆಯಿಂದ ಚೆನ್ನಾಗಿ ನಿದ್ದೆ ಮಾಡಿದ್ದ. ಅತ್ತೆಗೆ ಹೇಳಿದ್ದು ಆ ಅರ್ಧ ಗಂಟೆಯ ಸಾರ.

ಆದರೆ ಅತ್ತೆಯವರು ಜಪಮಾಲೆ ಹಿಡಿದ ಕೈಯನ್ನು ಹಣೆಗೆ ಒತ್ತಿಕೊಂಡು, "ದೇವರು ದೊಡ್ಡೋನು" ಎಂದರು. ಅಳಿಯನ ಬಗ್ಗೆ ಅವರು ಒಳ್ಳೆಯ ಮಾತಾಡಿದ್ದು ಅದೇ ಮೊದಲು. ಅದೂ ದೇವರ ಖಾತೆಗೆ ಹೋಯಿತು.

ಮಾತು ಕಿಟಕಿಯಿಂದ ದರ್ಜಿಯ ಚಪ್ಪಲಿಗಳಿಗೆ ತಲುಪಿತು. ಎದುರುಮನೆಯ ದರ್ಜಿ, ಪದರಯ್ಯನ ಕಚೇರಿಯ ದೊಡ್ಡ ಸಾಹೇಬರಿಗೆ ಪ್ಯಾಂಟು ಹೊಲಿಯುವವನು. ಸೊಂಟದ ಅಳತೆ ಹೆಚ್ಚಾಗಿರುವುದನ್ನು ಸಾಹೇಬರಿಂದ ಮರೆಸಲು ಅವನಿಗೊಂದು ಮಾತು ಬೇಕಿತ್ತು. ಹಾಗಾಗಿ ಸುದ್ದಿ ಸಾಹೇಬರ ಕಿವಿ ಮುಟ್ಟುವ ಹೊತ್ತಿಗೆ, ಪದರಯ್ಯ ಹೊಸ ವಿಧಾನವನ್ನು ಅರೆದು ಕುಡಿದಿದ್ದಾನೆ, ಬೇರೆ ಇಲಾಖೆಯವರು ಅವನನ್ನು ಹಾರಿಸಿಕೊಂಡು ಹೋಗಲು ಹೊಂಚು ಹಾಕಿದ್ದಾರೆ ಎಂದಾಗಿತ್ತು.

"ಏನ್ರೀ ಪದರಯ್ಯ, ನನ್ನ ಹತ್ರನೇ ಮುಚ್ಚಿಟ್ರಾ?" ಎಂದರು ದೊಡ್ಡ ಸಾಹೇಬರು, ಕುರ್ಚಿ ಎಳೆದು ಕೂರಿಸಿ.

"ಹಾಗೇನಿಲ್ಲ ಸಾರ್, ನನಗೆ ಅಷ್ಟೊಂದು..."

"ವಿನಯ ಸಾಕು. ಮೇಲಿನೋರು ದಿನಾ ಕೇಳ್ತಿದ್ದಾರೆ, ಹೊಸ ವಿಧಾನದಲ್ಲಿ ಒಂದು ರಸ್ತೆಯಾದ್ರೂ ಮಾಡಿದ್ರಾ ಅಂತ. ನಿಮ್ಮ ಬೀದಿಯಿಂದಲೇ ಶುರು ಮಾಡಿ. ರಸ್ತೆ ಎಷ್ಟು ಬಾಗುತ್ತೆ ಅನ್ನೋ ಪರೀಕ್ಷೆ, ಎಷ್ಟು ಭಾರಿ ಲಾರಿ ಓಡಾಡುತ್ತೆ ಅನ್ನೋ ಎಣಿಕೆ, ಎರಡೂ ಒಂದೇ ದಿನ ಮುಗಿಸಿಬಿಡಿ."

"ಸಾರ್, ಹೊಸ ವಿಧಾನಕ್ಕೆ ಹೊಸ ಯಂತ್ರ ಬೇಕು. ಭಾರ ಬೀಳಿಸಿ ನೋಡೋ ಯಂತ್ರ."

"ಅದು ಬರೋ ಹೊತ್ತಿಗೆ ನಾನು ನಿವೃತ್ತಿ ಆಗಿರ್ತೀನಿ. ಹಳೇ ತೊಲೆ ಇದೆಯಲ್ಲ, ಅದರಲ್ಲೇ ಹೊಸ ವಿಧಾನ ಮಾಡಿ."

ಹಳೇ ತೊಲೆ ಎಂದರೆ ಉದ್ದನೆಯ ಒಂದು ಲೋಹದ ತೊಲೆ. ಜಲ್ಲಿ ತುಂಬಿದ ಲಾರಿಯನ್ನು ರಸ್ತೆಯಲ್ಲಿ ನಿಲ್ಲಿಸಿ, ಅದರ ಹಿಂದಿನ ಜೋಡಿ ಚಕ್ರದ ಸಂದಿಯಲ್ಲಿ ತೊಲೆಯ ತುದಿ ಇಟ್ಟು, ಲಾರಿಯನ್ನು ಮುಂದಕ್ಕೆ ಬಿಡಬೇಕು. ಭಾರ ಹೋದ ಮೇಲೆ ರಸ್ತೆ ಒಂದು ಕೂದಲಿನಷ್ಟು ಮೇಲೇಳುತ್ತದೆ. ಅದನ್ನು ತೊಲೆಯ ಇನ್ನೊಂದು ಕಡೆಯ ಮುಳ್ಳು ತೋರಿಸುತ್ತದೆ. ಜೊತೆಗೆ ರಸ್ತೆಯ ಮೈ ಎಷ್ಟು ಬಿಸಿ ಇದೆಯೆಂದೂ ನೋಡಬೇಕು. ಅದಕ್ಕೆ ಡಾಂಬರಿನಲ್ಲಿ ಚಿಕ್ಕ ತೂತು ಕೊರೆದು, ಗ್ಲಿಸರಿನ್ ಹೊಯ್ದು, ತಾಪ ಅಳೆಯುವ ಕಡ್ಡಿ ಇಳಿಬಿಡುವುದು. ಇದು ಇಲಾಖೆಯ ಬಹಳ ಹಳೆಯ ಪದ್ಧತಿ. ಆದರೆ ಆ ಬೀದಿಯವರು ಯಾರೂ ಅದನ್ನು ಕಂಡವರಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ನೋಡಿದರೆ ಕಚೇರಿಯ ಕಡ್ಡಿ ಒಡೆದಿತ್ತು. ಪದರಯ್ಯ ಮೊದಲು ಔಷಧಿ ಅಂಗಡಿಗೆ ಹೋದ.

"ಗ್ಲಿಸರಿನ್ ಕೊಡಿ."

"ಯಾಕೆ, ತುಟಿ ಒಡೆದಿದೆಯಾ?"

"ನನಗಲ್ಲ. ರಸ್ತೆಗೆ."

ಅಂಗಡಿಯವನು ಸೀಸೆ ಕೊಟ್ಟು, ಅಂಗಡಿಗೆ ಅರ್ಧ ಬಾಗಿಲು ಹಾಕಿ, ಹಿಂದೆಯೇ ಬಂದ.

ಪದರಯ್ಯ ರಸ್ತೆಯ ಮೇಲೆ ಮಂಡಿಯೂರಿ ಕೂತು, ಕಿಟಕಿಯ ಕಂಬಿಗೆ ಬಾಯಿಟ್ಟು, "ಅತ್ತೆ, ಜ್ವರ ನೋಡೋ ಕಡ್ಡಿ ಕೊಡಿ" ಎಂದ.

ಅತ್ತೆಯವರು ಪೆಟ್ಟಿಗೆಯಿಂದ ತೆಗೆದು ಕಂಬಿಯ ಸಂದಿಯಲ್ಲಿ ಚಾಚಿದರು. "ಜೋಪಾನ. ನಿಮ್ಮ ಮಾವನವರಿಗೆ ಕೊನೇ ಸಲ ಇಟ್ಟಿದ್ದು ಇದನ್ನೇ."

ರಸ್ತೆಯ ತೂತಿನಲ್ಲಿ ಗ್ಲಿಸರಿನ್ ಹೊಯ್ದು, ಜ್ವರದ ಕಡ್ಡಿ ಇಟ್ಟು, ಪದರಯ್ಯ ಗಡಿಯಾರ ನೋಡುತ್ತ ಕೂತ. ಇಷ್ಟು ಹೊತ್ತಿಗೆ ಬೀದಿಯೇ ಸುತ್ತ ನಿಂತಿತ್ತು. ಎಲ್ಲರೂ ರೋಗಿಯ ಮನೆಯಲ್ಲಿ ನಿಂತ ಹಾಗೆ ಮೆಲ್ಲಗೆ ಮಾತಾಡುತ್ತಿದ್ದರು. ಮೂಲೆಮನೆಯ ನಿವೃತ್ತ ಮೇಷ್ಟ್ರು ಕೊಡೆ ಊರಿಕೊಂಡು ಮುಂದೆ ಬಂದರು.

"ಎಷ್ಟಿದೆಯಪ್ಪಾ?"

ಬಿಸಿಲಿಗೆ ಕಾದ ಡಾಂಬರು. ಮನುಷ್ಯರ ಜ್ವರಕ್ಕೆಂದು ಮಾಡಿದ ಕಡ್ಡಿ. ಪದರಯ್ಯ ಎತ್ತಿ ನೋಡಿದ. "ಮೇಲಕ್ಕೆ ಹೋಗಿ ನಿಂತುಬಿಟ್ಟಿದೆ ಮೇಷ್ಟ್ರೇ. ಮುಂದಕ್ಕೆ ಜಾಗವೇ ಇಲ್ಲ."

"ಅಯ್ಯೋ. ಹಾಗಾದ್ರೆ ಉಳಿಯಲ್ಲ."

ಕಿಟಕಿಯ ಒಳಗಿನಿಂದ ಅತ್ತೆಯವರ ದನಿ ಬಂತು: "ಅವರಿಗೂ ಇಷ್ಟು ಏರಿರಲಿಲ್ಲ."

ಮೇಷ್ಟ್ರ ಮಾತು ಬೀದಿಯ ತುದಿ ಮುಟ್ಟುವುದರೊಳಗೆ ರಸ್ತೆಗೆ ಭಾರಿ ಜ್ವರ, ಹೊಸ ವಿಧಾನದಲ್ಲಿ ಅದು ಪತ್ತೆಯಾಗಿದೆ ಎಂದಾಯಿತು. ಲಾರಿ ಬಂತು, ನಿಂತಿತು, ಮುಂದಕ್ಕೆ ಹೋಯಿತು. ಮುಳ್ಳು ಅಲುಗಿತು. ಪದರಯ್ಯ ಅಂಕಿ ಬರೆದುಕೊಂಡ. ಇನ್ನು ನಾಲ್ಕಾರು ಕಡೆ ಹೀಗೆ ನೋಡಿದರೆ ಮುಗಿಯುತ್ತಿತ್ತು. ಆಗ ದರ್ಜಿ ಅಡ್ಡ ಬಂದ.

"ಸಾಮಿ, ನಮ್ಮ ಮನೆ ಮುಂದೆ ನೋಡಲೇ ಇಲ್ಲ?"

"ಪಕ್ಕದಲ್ಲೇ ನೋಡಿದೆನಲ್ಲಪ್ಪಾ, ಎಲ್ಲಾ ಒಂದೇ."

"ಅದು ಹೇಗೆ ಒಂದೇ ಆಗುತ್ತೆ? ಪಕ್ಕದ ಮನೆಯೋನಿಗೆ ಜ್ವರ ಬಂದ್ರೆ ನನಗೆ ಮದ್ದು ಕೊಡ್ತಾರಾ? ನಿಮ್ಮ ವಿಷಯ ಸಾಹೇಬರ ಕಿವಿಗೆ ಹಾಕಿದ್ದು ಯಾರು ಅಂತ ನೆನಪಿರಲಿ."

ಪದರಯ್ಯ ಇಲ್ಲ ಎನ್ನುವ ಮಾತನ್ನು ಎಲ್ಲೋ ಕಳೆದುಕೊಂಡು ಹುಟ್ಟಿದವನು. ದರ್ಜಿಯ ಮನೆ ಮುಂದೆ ನೋಡಿದ. ಕೂಡಲೇ ಔಷಧಿ ಅಂಗಡಿಯವನು, "ಗ್ಲಿಸರಿನ್ ನಂದು, ಪರೀಕ್ಷೆ ಅವನಿಗಾ?" ಎಂದ. ಅಲ್ಲೂ ನೋಡಿದ್ದಾಯಿತು. ಮೇಷ್ಟ್ರು ತಮ್ಮ ಮನೆ ಮೂಲೆಯದಾದ್ದರಿಂದ ಎರಡೂ ಕಡೆ ನೋಡಬೇಕೆಂದರು. ಒಬ್ಬಾಕೆ ಬಾಗಿಲಿಗೆ ಬಂದು, ತಮ್ಮ ಮನೆ ಮುಂದೆ ಮುಳ್ಳು ಎಷ್ಟು ತಿರುಗಿತೆಂದು ಕೇಳಿ, ಎದುರುಮನೆಯವರದಕ್ಕಿಂತ ಕಡಿಮೆಯೆಂದು ತಿಳಿದು, "ಸರಿಯಾಗಿ ನೋಡಿಲ್ಲ, ಇನ್ನೊಂದು ಸಲ ನೋಡಿ" ಎಂದು ಹಠ ಹಿಡಿದಳು.

ಬೀದಿ ಇಕ್ಕಟ್ಟು. ಲಾರಿ ತಿರುಗಲು ಜಾಗವಿಲ್ಲ. ಪ್ರತಿ ಸಲವೂ ಅದು ಮುಂದಕ್ಕೆ ಹೋಗಿ, ಹಿಂದಿನ ಬೀದಿ ಸುತ್ತಿ, ಮೂಲೆಯಿಂದ ಮತ್ತೆ ಒಳಗೆ ಬರಬೇಕು. ಆ ಮೂಲೆಯಲ್ಲಿ ಕಚೇರಿಯ ಜವಾನ ನೆರಳಿನಲ್ಲಿ ಕೂತಿದ್ದ. ಎಣಿಕೆ ಅವನ ಪಾಲಿನದು. ಮುಂದೆ ಒಂದು ಡಬ್ಬಿ, ಪಕ್ಕದಲ್ಲಿ ಸಣ್ಣ ಕಲ್ಲುಗಳ ಗುಡ್ಡೆ. ಭಾರಿ ಲಾರಿ ಹೋದಾಗೆಲ್ಲ ಡಬ್ಬಿಗೊಂದು ಕಲ್ಲು. ಆ ಬೀದಿಗೆ ಭಾರಿ ಲಾರಿ ಬರುವುದೆಂದರೆ ಯಾರಾದರೂ ಮನೆ ಕಟ್ಟಿದಾಗ ಮಾತ್ರ. ಆದ್ದರಿಂದ ಡಬ್ಬಿ ಖಾಲಿ ಉಳಿಯುತ್ತದೆ, ಲೆಕ್ಕ ಸಲೀಸು, ತೆಳ್ಳಗಿನ ರಸ್ತೆ, ಅತ್ತೆಗೆ ಮುಖಗಳು ಎಂದು ಪದರಯ್ಯ ನೆಮ್ಮದಿಯಿಂದಿದ್ದ. ಸಂಜೆಯವರೆಗೂ ಲಾರಿ ಸುತ್ತಿತು. ಸಂಜೆಯವರೆಗೂ ಮೂಲೆಯಿಂದ ಟಣ್ ಟಣ್ ಎಂದು ಸದ್ದು ಕೇಳಿಸುತ್ತಲೇ ಇತ್ತು. ಕಿಟಕಿಯೊಳಗೆ ಅತ್ತೆಯವರ ಜಪಮಾಲೆಯೂ ತಿರುಗುತ್ತಿತ್ತು. ಇಬ್ಬರಲ್ಲಿ ಯಾರ ಎಣಿಕೆ ಎಲ್ಲಿಗೆ ಮುಟ್ಟುತ್ತದೆಂದು ಪದರಯ್ಯನಿಗೆ ಆಗ ಹೊಳೆಯಲಿಲ್ಲ.

ಮರುದಿನ ಜವಾನ ಡಬ್ಬಿ ಎಣಿಸಿ ಹೇಳಿದ ಅಂಕಿಯನ್ನು ಪದರಯ್ಯ ಕಂಪ್ಯೂಟರಿನ ಮೇಡಂಗೆ ಒಪ್ಪಿಸಿದ. ಆಕೆ ಒತ್ತುವುದು ನಿಲ್ಲಿಸಿ ಅವನ ಕಡೆ ತಿರುಗಿದರು.

"ಸಾರ್, ನಿಮ್ಮ ಬೀದೀಲಿ ಗಣಿ ಇದೆಯಾ?"

"ಇಲ್ಲಮ್ಮ."

"ಹಡಗು ಬರುತ್ತಾ?"

"ಇಲ್ಲವಲ್ಲ."

"ಮತ್ತೆ ಒಂದೇ ದಿನಕ್ಕೆ ಇಷ್ಟು ಭಾರಿ ಲಾರಿ? ಹೆದ್ದಾರಿಗೂ ಇಷ್ಟು ಬರಲ್ಲ ಸಾರ್. ಇನ್ನೊಂದು ಸಲ ನೋಡ್ಕೊಂಡು ಬರ್ತೀರಾ?"

ದೇವರು ಮನುಷ್ಯನಿಗೆ ಕೊನೆಯ ಬಾಗಿಲನ್ನು ತೆರೆದೇ ಇಡುತ್ತಾನೆ. ಆದರೆ ಅಲ್ಲಿ ಪಕ್ಕದ ಮೇಜಿನ ಇಬ್ಬರು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದರು. ಹೊಸ ವಿಧಾನದ ಪಂಡಿತ ತಡವರಿಸುವುದನ್ನು ನೋಡಲು ಅವರಿಗೆ ಬಹಳ ಆಸೆ. ಪದರಯ್ಯ ಕನ್ನಡಕ ಮೇಲೇರಿಸಿದ.

"ನಿಮಗೆ ಹಳೇ ಲೆಕ್ಕ ರೂಢಿ ಅಮ್ಮ. ಹೊಸ ವಿಧಾನದಲ್ಲಿ ಹಾಗೇ ಬರುತ್ತೆ."

ಮೇಡಂ ಒತ್ತಿದರು. ಫಲಿತಾಂಶ ಬಂತು. ಇಷ್ಟು ಲಾರಿಗಳ ಭಾರಕ್ಕೆ ಡಾಂಬರಿನ ಹೊಟ್ಟೆ ವರ್ಷ ತುಂಬುವುದರೊಳಗೆ ಹರಿದುಹೋಗುತ್ತದೆ, ಕೆರೆದು ತೆಳ್ಳಗೆ ಹಾಕಿದರೆ ಸಾಲದು, ಈಗಿರುವ ರಸ್ತೆಯ ಮೇಲೆಯೇ ಎರಡು ದಪ್ಪ ಪದರ ಬೀಳಬೇಕು. ಪದರಯ್ಯನ ಉಗುರು ಸಹ ಅಷ್ಟು ದೂರ ಎಂದೂ ಜಾರಿರಲಿಲ್ಲ.

ಅವನು ಜವಾನನ ಬಳಿಗೆ ಓಡಿದ. "ಅದೇ ಲಾರಿ ಸುತ್ತಿ ಸುತ್ತಿ ಬರ್ತಿದೆ ಅಂತ ಗೊತ್ತಾಗಲಿಲ್ವೇನೋ ಮಾರಾಯ?"

"ಗೊತ್ತಾಗದೆ ಏನು ಸಾಮಿ, ಡ್ರೈವರ್ ಪ್ರತಿ ಸಲಾನೂ ಕೈ ಬೀಸ್ತಿದ್ದ. ಭಾರಿ ಲಾರಿ ಹೋದಾಗೆಲ್ಲ ಕಲ್ಲು ಹಾಕು ಅಂದ್ರಿ. ಬೇರೆ ಲಾರಿ ಹೋದಾಗ ಅನ್ನಲಿಲ್ಲ."

ನಾವೂ ಒಂದೇ ತಪ್ಪನ್ನು ತುಂಬಿಕೊಂಡು ಅದೇ ಬೀದಿಯನ್ನು ಮತ್ತೆ ಮತ್ತೆ ಸುತ್ತುವವರೇ. ಮೇಲೆ ಕೂತವನು ಈ ಜವಾನನ ಹಾಗೆ ಪ್ರತಿ ಸಲವೂ ಒಂದೊಂದು ಕಲ್ಲು ಹಾಕುತ್ತ ಹೋದರೆ ನಮ್ಮ ಗತಿಯೇನು? ಅವನ ಎಣಿಕೆ ಹಾಗಿರಲಾರದು ಎಂಬ ನಂಬಿಕೆಯಲ್ಲೇ ಲೋಕ ನಡೆಯುತ್ತಿದೆ. ಇಲಾಖೆ ನಡೆಯುವ ಬಗೆ ಬೇರೆ.

ದೊಡ್ಡ ಸಾಹೇಬರು ಹೊಸ ಪ್ಯಾಂಟಿನಲ್ಲಿ ಸಂತೋಷವಾಗಿದ್ದರು.

"ಸಾರ್, ನಮ್ಮ ಬೀದಿ ಲೆಕ್ಕದಲ್ಲಿ ಒಂದು ತಪ್ಪಾಗಿದೆ."

"ಕಂಪ್ಯೂಟರ್ ಮಾಡಿದ ಲೆಕ್ಕ ಕಣ್ರೀ ಅದು."

"ಕಂಪ್ಯೂಟರಿಗೆ ಕೊಟ್ಟಿದ್ದೇ ತಪ್ಪು ಸಾರ್."

"ಕೊಟ್ಟೋರು ಯಾರು?"

"ನಾನೇ."

"ಹೊಸ ವಿಧಾನದಲ್ಲಿ ಹಾಗೇ ಬರುತ್ತೆ ಅಂತ ಮೇಡಂಗೆ ಹೇಳಿದೋರು?"

"ನಾನೇ ಸಾರ್."

"ನಮ್ಮಲ್ಲಿ ಹೊಸ ವಿಧಾನ ಬಲ್ಲೋರು ಯಾರು?"

ಪದರಯ್ಯನ ಬಾಯಿ ತೆರೆಯಿತು. ನನಗೆ ಬರುವುದಿಲ್ಲ ಎಂದು ಹೇಳಿದ್ದರೆ ಆಗುತ್ತಿತ್ತು. ಆ ಮಾತು ಹೊಟ್ಟೆಯಿಂದ ಹೊರಟು ಗಂಟಲವರೆಗೂ ಬಂದಿತ್ತು. ಅಷ್ಟರಲ್ಲಿ ಊಟದ ದಿನದ ಷಡ್ಡಕನ ನಗು ನೆನಪಾಯಿತು.

"ನಾನೇ" ಎಂದ.

"ಹಾಗಾದ್ರೆ ನಾನು ನಿಮ್ಮ ಮಾತು ನಂಬಲೋ, ನಿಮ್ಮ ಮಾತು ನಂಬಲೋ? ಹೋಗ್ರಿ, ದೊಡ್ಡ ಕೆಲಸ ಮಾಡಿದೋರಿಗೆ ಕೊನೇಲಿ ಹೀಗೇ ಅನುಮಾನ ಬರುತ್ತೆ. ಗುತ್ತಿಗೆದಾರರಿಗೆ ಆಗಲೇ ಹೇಳಿದ್ದಾಯ್ತು."

ಆ ಸಂಜೆ ಅತ್ತೆಯವರು ಕೇಳಿದರು: "ಯಾವತ್ತು ಅಳಿಯಂದ್ರೇ ರಸ್ತೆ ಇಳಿಸೋದು?"

"ಇನ್ನೇನು ಅತ್ತೆ, ಈ ವಾರದಲ್ಲೇ" ಎಂದ ಪದರಯ್ಯ, ಜಪಮಾಲೆಯ ಕಡೆ ನೋಡದೆ.

ಕೆಲಸದ ದಿನ ಅತ್ತೆಯವರು ಬೆಳಿಗ್ಗೆಯೇ ಸ್ನಾನ ಮಾಡಿ, ಒಗೆದ ಬಟ್ಟೆ ಉಟ್ಟು, ಮಗಳಿಂದ ತಲೆ ಬಾಚಿಸಿಕೊಂಡು ಕಿಟಕಿಯ ಮುಂದೆ ಕೂತರು. ಎಷ್ಟೋ ವರ್ಷದ ಮೇಲೆ ಬೀದಿಯವರೆಲ್ಲ ಮುಖ ತೋರಿಸುವಾಗ ತಾನು ಹೇಗೆ ಹೇಗೋ ಕಾಣಬಾರದು ಎಂದರು. ಬಿಸಿ ಡಾಂಬರಿನ ಹೊಗೆ ಬಂತು. ಯಂತ್ರ ಬಂತು. ಕಿಟಕಿಯ ಆಚೆ ಕಪ್ಪು ಅಂಚೊಂದು ನಿಧಾನವಾಗಿ ಮೇಲೇರಿತು. ರೋಲರ್ ಹೋದ ಮೇಲೆ ಅದರ ಹಿಂದೆ ಇನ್ನೊಂದು ಅಂಚು. ಮೊದಲು ಕೆಲಸದವರ ಹಿಮ್ಮಡಿ ಹೋಯಿತು, ಆಮೇಲೆ ಬೆರಳುಗಳು ಹೋದವು. ಹೊರಕ್ಕೆ ತೆರೆಯುತ್ತಿದ್ದ ಕಿಟಕಿಯ ಬಾಗಿಲು ಈಗ ಒಂದು ಗೇಣು ಮಾತ್ರ ತೆರೆದು, ರಸ್ತೆಗೆ ತಾಗಿ ನಿಂತಿತು. ಪದರಯ್ಯ ಬಾಗಿಲ ಬಳಿ ಬೈಗುಳಕ್ಕೆ ಕಾಯುತ್ತ ನಿಂತಿದ್ದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

ಅತ್ತೆಯವರು ಗೋಡೆಗೆ ಅಂಗೈ ಇಟ್ಟು ಬಹಳ ಹೊತ್ತು ಕೂತರು. "ಮೊದಲು ಸೈಕಲ್ ಹೋದ್ರೂ ಈ ಗೋಡೆ ನಡುಗಿ ಹೇಳ್ತಿತ್ತು, ಯಾರೋ ಹೋದರು ಅಂತ. ಈಗ ಏನೂ ಹೇಳ್ತಿಲ್ಲ. ಗಟ್ಟಿ ರಸ್ತೆ ಹಾಕಿಸಿದ್ರಿ ಅಳಿಯಂದ್ರೇ." ಅದರಲ್ಲಿ ಚುಚ್ಚುಮಾತು ಒಂದಿಷ್ಟೂ ಇರಲಿಲ್ಲ.

ಅಂದಿನಿಂದ ಪದರಯ್ಯ ಕಚೇರಿಯಿಂದ ಬಂದವನು ನೇರ ಒಳಗಿಳಿಯುವುದನ್ನು ಬಿಟ್ಟ. ಕಿಟಕಿಯಿದ್ದ ಜಾಗಕ್ಕೆ ಹೋಗಿ, ಬೂಟುಗಾಲಿನಿಂದ ರಸ್ತೆಯನ್ನು ಜೋರಾಗಿ ಕುಟ್ಟುವನು. ಆಮೇಲೆ ಮೆಟ್ಟಿಲಿಳಿದು ಕೇಳುವನು: "ಅತ್ತೆ, ನಾನು ಬಂದದ್ದು ಕೇಳಿಸ್ತಾ?"

"ಕೇಳಿಸಿತು" ಎನ್ನುವರು ಅವರು, ಮುಂದೆ ಗೋಡೆಯ ಹಾಗೆ ನಿಂತ ಡಾಂಬರಿನ ಕಡೆಗೇ ಮುಖ ಮಾಡಿಕೊಂಡು.

ಬೀದಿಯವರು ಇದನ್ನು ಬಾಗಿಲಲ್ಲಿ ನಿಂತು ನೋಡಿದರು. ಹೊಸ ವಿಧಾನದಲ್ಲಿ ರಸ್ತೆಯನ್ನು ಹೀಗೆ ದಿನಾ ಕುಟ್ಟಿ ನೋಡುತ್ತಿರಬೇಕಂತೆ ಎಂದು ಮೇಷ್ಟ್ರು ವಿವರಿಸಿದರು. ಸ್ವಲ್ಪ ದಿನಕ್ಕೆ ದರ್ಜಿಯೂ ತನ್ನ ಮನೆ ಮುಂದೆ ಕುಟ್ಟತೊಡಗಿದ. ಔಷಧಿ ಅಂಗಡಿಯವನು ಅವನಿಗಿಂತ ಜೋರಾಗಿ ಕುಟ್ಟಿದ. ಆ ರಸ್ತೆ ಮಾತ್ರ ಯಾರಿಗೂ ಜಗ್ಗಲಿಲ್ಲ. ನೋಡಲು ಬಂದ ಮೇಲಿನವರು ಇಂಥ ರಸ್ತೆ ಬೇರೆಲ್ಲೂ ಇಲ್ಲವೆಂದು ಹೊಗಳಿ, ಸಾಹೇಬರ ಕೈ ಕುಲುಕಿ ಹೋದರು.

ಒಂದು ಸಂಜೆ ಪದರಯ್ಯನ ಮೊಣಕಾಲು ಬಹಳ ನೋಯುತ್ತಿತ್ತು. ರಸ್ತೆ ಕುಟ್ಟಲಿಲ್ಲ. ಬೂಟಿನ ಸದ್ದೂ ಆಗದ ಹಾಗೆ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದ. ಮಬ್ಬಿನಲ್ಲಿ ಕುರ್ಚಿ, ಅದರಲ್ಲಿ ಅತ್ತೆ. ಬಾಯಿಗೆ ರೂಢಿಯಾದ ಮಾತು ತಾನಾಗಿ ಹೊರಟಿತು.

"ಅತ್ತೆ, ಕೇಳಿಸ್ತಾ?"

"ಓ, ಕೇಳಿಸಿತು ಅಳಿಯಂದ್ರೇ. ಇವತ್ತು ಸ್ವಲ್ಪ ಜೋರಾಗೇ ಕುಟ್ಟಿದ್ರಿ" ಎಂದು ಅವರು ಜಪಮಾಲೆಯ ಮುಂದಿನ ಮಣಿಗೆ ಬೆರಳು ಸರಿಸಿದರು.